ಉಪ್ಪುಕಾಗದದ ಕೈಯಂತ್ರ: ಹಳೆಯದೋ, ಹೊಸದೋ?

ಮರಗೆಲಸದಲ್ಲಿ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೊನೆಯಲ್ಲಿ ಮಾಡಿದ ಕೆಲಸ. ಸಾಗುವಾನಿ ಎಷ್ಟೇ ಉತ್ತಮವಾಗಿರಲಿ, ಚೌಕಟ್ಟಿನ ಕೂಡು ಎಷ್ಟೇ ಬಿಗಿಯಾಗಿರಲಿ, ಮರದ ಮೈ ನುಣುಪಾಗದಿದ್ದರೆ ವಾರ್ನಿಶ್ ಆ ದೋಷವನ್ನು ಮುಚ್ಚುವುದಿಲ್ಲ. ಇನ್ನಷ್ಟು ಎತ್ತಿ ತೋರಿಸುತ್ತದೆ. ಹಿಂದೆ ಬಡಗಿಗಳು ಉಜ್ಜುಗೊರಡು ಹೊಡೆದ ಮೇಲೆ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ದಿನಗಟ್ಟಲೆ ತಿಕ್ಕುತ್ತಿದ್ದರು. ಆ ಶ್ರಮವನ್ನು ಇಂದು ಒಂದು ಕಿಲೋಗ್ರಾಮಿನ ಆಸುಪಾಸು ತೂಗುವ, ಅಂಗೈಯಲ್ಲಿ ಹಿಡಿಯಬಹುದಾದ ಆರ್ಬಿಟಲ್ ಸ್ಯಾಂಡರ್ ಎಂಬ ವಿದ್ಯುತ್ ಯಂತ್ರ ವಹಿಸಿಕೊಂಡಿದೆ. ಹೊಸದಾಗಿ ಅಂಗಡಿ ತೆರೆಯುವ ತರುಣನಿಗೂ, ಹಿರಿಯರ ಕಾಲದ ಬಾಗಿಲನ್ನು ತಾನೇ ನವೀಕರಿಸಲು ಹೊರಟ ಗೃಹಸ್ಥನಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಕಡಿಮೆ ಬೆಲೆಗೆ ದೊರೆಯುವ ಹಳೆಯ ಮಾದರಿ ಸಾಕೇ, ಹೊಸದಕ್ಕೇ ಹಣ ಹಾಕಬೇಕೇ? ಈ ಆಯ್ಕೆಯಲ್ಲಿ ಹಣದ ಜೊತೆಗೆ ದುಡಿಯುವವನ ಕೈ ಮತ್ತು ಶ್ವಾಸಕೋಶಗಳ ಆರೋಗ್ಯವೂ ಸೇರಿಕೊಂಡಿರುವುದರಿಂದ ಸ್ವಲ್ಪ ವಿವರವಾಗಿ ವಿಚಾರ ಮಾಡುವುದು ಒಳ್ಳೆಯದು.

ಎರಡು ಬಗೆಯ ಚಲನೆ

ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೈಯನ್ನು ನೆನಪಿಸಿಕೊಳ್ಳಿ. ಕೈ ಸುತ್ತು ಹಾಕುತ್ತದೆ, ಆದರೆ ಕೊರಡು ತನ್ನಲ್ಲೇ ತಿರುಗುವುದಿಲ್ಲ. ಹಳೆಯ ಬಗೆಯ ಆರ್ಬಿಟಲ್ ಸ್ಯಾಂಡರಿನ ಚಲನೆ ಇದೇ. ಅದರ ಚೌಕಾಕಾರದ ತಳವು ಒಂದೂವರೆ, ಎರಡು ಮಿಲಿಮೀಟರ್ ವ್ಯಾಸದ ಪುಟ್ಟ ವೃತ್ತದಲ್ಲಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. 230×280 ಮಿಲಿಮೀಟರ್ ಅಳತೆಯ ಸಾಮಾನ್ಯ ಉಪ್ಪುಕಾಗದದ ಹಾಳೆಯನ್ನು ನಾಲ್ಕು ತುಂಡು ಮಾಡಿ, ಒಂದನ್ನು ತಳಕ್ಕೆ ಹೊದಿಸಿ, ಎರಡು ತುದಿಗಳನ್ನು ಕ್ಲಿಪ್ಪುಗಳಿಂದ ಬಿಗಿದರೆ ಯಂತ್ರ ಸಿದ್ಧ. ಮಕೀಟಾ ಸಂಸ್ಥೆಯ ಬಿಒ4556 ಈ ಜಾತಿಗೆ ಒಳ್ಳೆಯ ಉದಾಹರಣೆ: 200 ವ್ಯಾಟ್, ನಿಮಿಷಕ್ಕೆ 14,000 ಸುತ್ತು.

ಇನ್ನು, ಗಂಧ ತೇಯುವಾಗ ಕೈ ಸುತ್ತು ಹಾಕುತ್ತಿರುವಂತೆಯೇ ಕೊರಡೂ ಬೆರಳುಗಳ ನಡುವೆ ನಿಧಾನವಾಗಿ ತಿರುಗುತ್ತಿದ್ದರೆ ಹೇಗೆ? ರ‍್ಯಾಂಡಮ್ ಆರ್ಬಿಟ್ ಎಂಬ ನಂತರದ ಬಗೆಯ ಯಂತ್ರದಲ್ಲಿ ನಡೆಯುವುದು ಅದೇ. ಅದರ ದುಂಡು ತಳ ಪುಟ್ಟ ವೃತ್ತದಲ್ಲಿ ಸುತ್ತುವುದರ ಜೊತೆಗೆ, ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗಲೂ ಬಲ್ಲದು. ಹೀಗಾಗಿ ಕಾಗದದ ಒಂದೇ ಹರಳು ಮತ್ತೆ ಮತ್ತೆ ಅದೇ ಹಾದಿಯಲ್ಲಿ ಗೀರುವುದಿಲ್ಲ. ಹಳೆಯ ಬಗೆಯ ಯಂತ್ರ ಉಳಿಸುವ ಸಣ್ಣ ಸಣ್ಣ ಸುರುಳಿ ಗೀರುಗಳು ಇದರಲ್ಲಿ ಬಹುಮಟ್ಟಿಗೆ ಕಡಿಮೆ. ಮರ ಸವೆಯುವ ವೇಗವೂ ಹೆಚ್ಚು. ಅದೇ ಸಂಸ್ಥೆಯ ಬಿಒ5031 ಯಂತ್ರದ ತಳ 125 ಮಿಲಿಮೀಟರಿನದು, ಶಕ್ತಿ 300 ವ್ಯಾಟ್, ವೇಗವನ್ನು ನಿಮಿಷಕ್ಕೆ 4,000ದಿಂದ 12,000ದವರೆಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಹಳೆಯದರ ಗುಣಗಳು

ಇಷ್ಟರಿಂದಲೇ ಹಳೆಯ ಯಂತ್ರವನ್ನು ಅಟ್ಟಕ್ಕೆ ಹಾಕಬೇಕೆಂದು ತೀರ್ಮಾನಿಸಬಾರದು. ದುಂಡು ತಳ ಬಾಗಿಲ ಹಲಗೆಯ ಮೂಲೆಯನ್ನು ಎಂದಿಗೂ ಮುಟ್ಟಲಾರದು. ಚೌಕ ತಳ ಅಂಚಿನವರೆಗೂ ಹೋಗುತ್ತದೆ. ಕಪಾಟಿನ ಒಳಮೈ, ಕಿಟಕಿಯ ಕಿರಿದಾದ ಪಟ್ಟಿ, ಮಂಚದ ಚೌಕಟ್ಟು ಮೊದಲಾದ ಕಡೆ ಅದರದೇ ಮೇಲುಗೈ. ಪ್ಲೈವುಡ್ ಮೇಲೆ ಅಂಟಿಸಿದ ವಿನಿಯರ್ ಪದರವು ಮಿಲಿಮೀಟರಿಗಿಂತಲೂ ತೆಳುವಾಗಿರುವುದರಿಂದ ಅಲ್ಲಿ ನಿಧಾನವಾಗಿ ಸವೆಸುವ ಯಂತ್ರವೇ ಕ್ಷೇಮ. ಕಾಗದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಒಳಗಿನ ರಚನೆಯೂ ಸರಳ. ಕಾರ್ಬನ್ ಬ್ರಷ್ ಸವೆದರೆ, ಬೇರಿಂಗ್ ಕೆಟ್ಟರೆ, ಮೋಟಾರು ರಿಪೇರಿ ಮಾಡುವವರು ತಾಲೂಕು ಕೇಂದ್ರದಲ್ಲಿಯೇ ಸರಿಪಡಿಸಿಕೊಡುತ್ತಾರೆ.

ಹೊಸದು ತಂದದ್ದೇನು?

ಹೊಸ ಮಾದರಿಗಳಲ್ಲಿ ಆಗಿರುವ ಬದಲಾವಣೆಗಳಲ್ಲಿ ನಾಲ್ಕು ನಿಜವಾಗಿಯೂ ಮುಖ್ಯವಾದವು. ಮೊದಲನೆಯದು, ವೇಗವನ್ನು ಹೊಂದಿಸುವ ವ್ಯವಸ್ಥೆ. ಹಳೆಯ ಬಣ್ಣದ ಮೇಲೆ ವೇಗ ಹೆಚ್ಚಾದರೆ ಬಣ್ಣ ಬಿಸಿಯಾಗಿ ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ವೇಗ ತಗ್ಗಿಸಿದರೆ ಆ ತೊಂದರೆ ಕಡಿಮೆ. ಎರಡನೆಯದು, ತಳದ ತಡೆ. ತಡೆಯಿಲ್ಲದ ರ‍್ಯಾಂಡಮ್ ಆರ್ಬಿಟ್ ಯಂತ್ರವನ್ನು ಮರದಿಂದ ಎತ್ತಿದೊಡನೆ ದುಂಡು ತಳ ಗಿರ್ರನೆ ತಿರುಗತೊಡಗುತ್ತದೆ. ಹಾಗೆಯೇ ಮತ್ತೆ ಇಟ್ಟರೆ ಆಳವಾದ ಗೀರು ಬೀಳುತ್ತದೆ. ಮೂರನೆಯದು, ಕಾಗದವನ್ನು ಕ್ಲಿಪ್ಪಿನ ಗೋಜಿಲ್ಲದೆ ಕ್ಷಣದಲ್ಲಿ ಅಂಟಿಸಿ ಕೀಳಬಹುದಾದ ವೆಲ್‌ಕ್ರೋ ತಳ. ನಾಲ್ಕನೆಯದು, ಕಾರ್ಬನ್ ಬ್ರಷ್ ಇಲ್ಲದ ಮೋಟಾರು. ಫಿನ್ಲೆಂಡಿನ ಮಿರ್ಕಾ ಸಂಸ್ಥೆಯ ಡೆರೋಸ್ ಮಾದರಿಯಲ್ಲಿ ಇಂತಹ ಮೋಟಾರು ಇರುವುದರಿಂದ 350 ವ್ಯಾಟ್ ಶಕ್ತಿಯಿದ್ದರೂ ತೂಕ ಒಂದು ಕಿಲೋಗ್ರಾಮಿನಷ್ಟೇ. ಆದರೆ ಇಂತಹ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಊರಿನ ರಿಪೇರಿಯವನ ಕೈಗೆ ಅದು ಎಟುಕುವುದಿಲ್ಲ. ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಬ್ಯಾಟರಿಯ ಯಂತ್ರಗಳೂ ಬಂದಿವೆ. ಏಣಿಯ ಮೇಲೆ ನಿಂತು ಮಾಡುವ ಸಣ್ಣ ಕೆಲಸಕ್ಕೆ ಅವು ಅನುಕೂಲ. ಆದರೆ ತಿಕ್ಕುವುದು ಎಡೆಬಿಡದೆ ಸಾಗುವ ಕೆಲಸವಾದ್ದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ದಿನವಿಡೀ ದುಡಿಯುವವರಿಗೆ ತಂತಿಯ ಯಂತ್ರವೇ ಮೇಲು.

ಧೂಳಿನ ಮಾತು

ಎಲ್ಲಕ್ಕಿಂತ ಗಂಭೀರವಾದ ಅಂಶ ಧೂಳು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಒಳಭಾಗ ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೂ ಮರದ ಧೂಳಿಗೂ ಇರುವ ಸಂಬಂಧ ಅದರಲ್ಲಿ ದೃಢಪಟ್ಟಿದೆ. ಉಜ್ಜುಗೊರಡಿನ ಹೊಟ್ಟು ನೆಲಕ್ಕೆ ಬೀಳುತ್ತದೆ. ಉಪ್ಪುಕಾಗದದ ನವುರಾದ ಧೂಳು ಗಾಳಿಯಲ್ಲಿ ತೇಲುತ್ತಾ ಉಸಿರಿನೊಂದಿಗೆ ಒಳಸೇರುತ್ತದೆ.

ಬಹಳ ಹಳೆಯ ಅನೇಕ ಯಂತ್ರಗಳಲ್ಲಿ ಈ ಧೂಳನ್ನು ಹಿಡಿಯುವ ಏರ್ಪಾಡೇ ಇರಲಿಲ್ಲ. ಅನಂತರದವುಗಳಲ್ಲಿ ತಳದ ರಂಧ್ರಗಳ ಮೂಲಕ ಧೂಳನ್ನು ಎಳೆದು ಚೀಲಕ್ಕೆ ತುಂಬಿಸುವ ವ್ಯವಸ್ಥೆ ಬಂದಿತು. ಬಟ್ಟೆಯ ಚೀಲ ದಪ್ಪ ಧೂಳನ್ನು ಹಿಡಿದರೂ ಅತಿ ನವುರಾದುದನ್ನು ಹೊರಬಿಡುತ್ತದೆ. ಆದ್ದರಿಂದ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಜೋಡಿಸಲು ಬರುವ ಯಂತ್ರವನ್ನೇ ಆರಿಸಿಕೊಳ್ಳಬೇಕು. ಯಂತ್ರ ಯಾವುದೇ ಆಗಿರಲಿ, ಎನ್95 ದರ್ಜೆಯ ಮುಖಗವಸು ಧರಿಸಬೇಕು; ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡರೆ ಸಾಲದು.

ಹಳೆಯ ಬಾಗಿಲು, ಕಿಟಕಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ ಸೀಸ ಇದ್ದಿರಬಹುದು. ಆ ಬಣ್ಣವನ್ನು ಯಂತ್ರದಿಂದ ಒಣಗಿದ್ದಂತೆಯೇ ತಿಕ್ಕಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಕೇಡು ತುಂಬಿಬಾರದಂಥದು. ಗರ್ಭಿಣಿಯರಿಗೂ ಅದು ಅಪಾಯಕರ. ಇಂತಹ ಬಾಗಿಲಿನ ಬಣ್ಣವನ್ನು ತೆಗೆಯುವ ದ್ರಾವಣದಿಂದ ಮೆದು ಮಾಡಿ, ಒದ್ದೆಯಾಗಿರುವಾಗಲೇ ಕೆರೆದು ತೆಗೆದು, ಬರಿಯ ಮರ ಕಂಡ ಮೇಲಷ್ಟೇ ಯಂತ್ರವನ್ನು ಕೈಗೆತ್ತಿಕೊಳ್ಳಬೇಕು.

ಧೂಳಿನಂತೆಯೇ ಕಂಪನವೂ ಗಮನಾರ್ಹ. ವರ್ಷಗಟ್ಟಲೆ ಕಂಪಿಸುವ ಯಂತ್ರ ಹಿಡಿದವರಲ್ಲಿ ಬೆರಳು ಜೋಮು ಹಿಡಿಯುವುದು, ಬಿಳಿಚಿಕೊಳ್ಳುವುದು, ಹಿಡಿತದ ಬಲ ಕುಗ್ಗುವುದು ಕಂಡುಬರುತ್ತದೆ. ಯುರೋಪಿನ ರಾಷ್ಟ್ರಗಳು 2002ರ ನಿರ್ದೇಶನದ ಮೂಲಕ ಕೈಗೆ ತಾಗುವ ಕಂಪನಕ್ಕೆ ದಿನದ ಮಿತಿಯನ್ನೇ ಗೊತ್ತುಪಡಿಸಿವೆ. ಯಂತ್ರದ ಬೇರಿಂಗ್ ಸವೆದಷ್ಟೂ, ತಳ ಸಡಿಲವಾದಷ್ಟೂ ಕಂಪನ ಹೆಚ್ಚುತ್ತದೆ.

ಹಳೆಯದನ್ನು ಕೊಳ್ಳುವ ಮುನ್ನ

ಕೈ ಬದಲಾದ ಯಂತ್ರವನ್ನು ಕೊಳ್ಳುವವರು ಮೊದಲು ಅದನ್ನು ಬರಿದೇ ಓಡಿಸಿ ಕೇಳಬೇಕು. ಸದ್ದು ಒಂದೇ ಸಮನಾಗಿರಬೇಕು. ಕರಕರ ಸದ್ದು ಬೇರಿಂಗ್ ಸವೆದುದರ ಸೂಚನೆ. ಗಾಳಿ ಕಿಂಡಿಯ ಒಳಗೆ ಕಿಡಿ ಸುತ್ತಲೂ ಉಂಗುರದಂತೆ ಕಂಡರೆ ಆರ್ಮೇಚರ್ ಕೆಟ್ಟಿರಬಹುದು. ತಳವನ್ನು ಹೊತ್ತ ರಬ್ಬರ್ ಕಾಲುಗಳು ಬಿರುಕು ಬಿಟ್ಟಿವೆಯೇ, ಕ್ಲಿಪ್ಪುಗಳು ಕಾಗದವನ್ನು ಬಿಗಿಯಾಗಿ ಹಿಡಿಯುತ್ತವೆಯೇ, ತಂತಿಯ ಹೊದಿಕೆ ಹರಿದಿದೆಯೇ ಎಂದು ನೋಡಬೇಕು. ಆ ಮಾದರಿಯ ತಳ ಇಂದಿಗೂ ಅಂಗಡಿಯಲ್ಲಿ ದೊರೆಯುವುದೇ ಎಂದು ವಿಚಾರಿಸುವುದನ್ನು ಮರೆಯಬಾರದು. ತಳ ಸಿಗದ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ನಿರುಪಯೋಗಿ.

ಅಮೆರಿಕದಲ್ಲಿರುವ ಬಂಧುಗಳು ಊರಿಗೆ ಬರುವಾಗ ತರುವ ಯಂತ್ರಗಳ ಬಗ್ಗೆಯೂ ಒಂದು ಮಾತು. ಅಲ್ಲಿನ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ನೇರವಾಗಿ ಪ್ಲಗ್ಗಿಗೆ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅನಿವಾರ್ಯ. ಅದರ ಖರ್ಚನ್ನೂ ಭಾರವನ್ನೂ ಲೆಕ್ಕ ಹಾಕಿದರೆ ಇಲ್ಲಿಯೇ ಕೊಳ್ಳುವುದು ಉತ್ತಮವೆನಿಸಬಹುದು.

ಯಾರಿಗೆ ಯಾವುದು?

ವರ್ಷಕ್ಕೊಮ್ಮೆ ಕಿಟಕಿ, ಕುರ್ಚಿಗಳನ್ನು ತಿಕ್ಕುವ ಮನೆಯವರಿಗೆ ಸುಸ್ಥಿತಿಯಲ್ಲಿರುವ ಹಳೆಯ ಚೌಕ ತಳದ ಯಂತ್ರ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಕಾಗದವನ್ನೂ ಮುಖಗವಸನ್ನೂ ಕೊಳ್ಳಲಿ. ಜೀವನೋಪಾಯಕ್ಕಾಗಿ ದಿನವೂ ತಿಕ್ಕುವ ತರುಣನು ಸಾಲ ಮಾಡಬೇಕಾಗಿ ಬಂದರೂ ವೇಗ ನಿಯಂತ್ರಣ ಮತ್ತು ಧೂಳು ಎಳೆಯುವ ವ್ಯವಸ್ಥೆಯುಳ್ಳ ಹೊಸ ರ‍್ಯಾಂಡಮ್ ಆರ್ಬಿಟ್ ಯಂತ್ರವನ್ನೇ ತೆಗೆದುಕೊಳ್ಳಲಿ. ಬ್ರಷ್ ಇಲ್ಲದ ಮೋಟಾರಿಗೆ ಅವನು ಈಗಲೇ ಆಸೆಪಡಬೇಕಾಗಿಲ್ಲ. ಆದರೆ ಧೂಳಿನ ವಿಷಯದಲ್ಲಿ ಮಾಡುವ ಉಳಿತಾಯ ಮುಂದೆ ಆಸ್ಪತ್ರೆಯ ಖರ್ಚಾಗಿ ಬರುತ್ತದೆ. ತಂದೆಯ ಕಾಲದ ಹಳೆಯ ಯಂತ್ರ ಮನೆಯಲ್ಲಿದ್ದರೆ ಅದನ್ನು ಮಾರದೆ ಮೂಲೆಗಳ ಕೆಲಸಕ್ಕೆ ಇಟ್ಟುಕೊಳ್ಳಲಿ.

ಕೊನೆಗೆ, ಬಳಸುವ ಕ್ರಮ. 80ರ ಕಾಗದದಿಂದ ಆರಂಭಿಸಿ 120, 180, 220 ಹೀಗೆ ಮೆಟ್ಟಿಲು ತಪ್ಪದೆ ಸಾಗಬೇಕು. ಒಂದನ್ನು ಬಿಟ್ಟರೆ ಹಿಂದಿನ ಗೀರು ವಾರ್ನಿಶ್ ಬಳಿದ ಮೇಲೆ ಎದ್ದು ಕಾಣುತ್ತದೆ. ಯಂತ್ರವನ್ನು ಒತ್ತಬಾರದು. ಒತ್ತಿದರೆ ದುಂಡು ತಳದ ತಿರುಗಾಟ ನಿಂತು, ಕೊಟ್ಟ ಹಣ ವ್ಯರ್ಥವಾಗುತ್ತದೆ. ಅದರ ತೂಕಕ್ಕೇ ಬಿಟ್ಟು ಕೈಯನ್ನು ನಿಧಾನವಾಗಿ ಸಾಗಿಸಬೇಕು. ಕಟ್ಟಕಡೆಗೆ ಯಂತ್ರವನ್ನು ಬದಿಗಿಟ್ಟು, ಕೊನೆಯ ಕಾಗದದಿಂದಲೇ ಮರದ ಎಳೆಯ ಗುಂಟ ನಾಲ್ಕಾರು ಸಲ ಕೈಯಿಂದ ತಿಕ್ಕಿದರೆ ಉಳಿದ ಸಣ್ಣ ಗೀರುಗಳೂ ಮಾಯವಾಗುತ್ತವೆ.