ಅಂಗಳದ ಕಳೆ: ಹೂ ಬಿಡುವ ಮುನ್ನವೇ ಕೀಳಿರಿ

ಅಡಿಕೆ, ಕಾಫಿ ಒಣಗಿಸುವ ನಮ್ಮ ಮನೆಯಂಗಳದಲ್ಲಿ ಕಳೆನಾಶಕ ಸಿಂಪಡಿಸುವ ರೂಢಿ ಒಳ್ಳೆಯದಲ್ಲ. ಮಕ್ಕಳು ಓಡಾಡುವ ಜಾಗವದು. ಮಳೆನೀರು ಹರಿದು ಬಾವಿ ಸೇರುವುದೂ ಅಲ್ಲಿಂದಲೇ. ಮೇಲಾಗಿ, ಗ್ಲೈಫೋಸೇಟ್ ಇದ್ದ ಹಸಿರನ್ನು ಒಣಗಿಸೀತೇ ಹೊರತು ಮಣ್ಣಿನೊಳಗಿನ ಬೀಜವನ್ನು ಕೊಲ್ಲದು. ಉಪ್ಪು ಸುರಿದರೆ ಪಕ್ಕದ ಅಡಿಕೆ ಬೇರಿಗೇ ಕುತ್ತು.

ಆದುದರಿಂದ ಬೀಜ ಬೀಳದಂತೆ ನೋಡಿಕೊಳ್ಳುವುದೇ ಸರಿಯಾದ ಮಾರ್ಗ. ಒಂದು ಪಾರ್ಥೇನಿಯಂ ಗಿಡ 10,000ಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ನೆಲ ಹಸಿಯಿರುವಾಗ, ಹೂವಿಗೆ ಮುನ್ನ, ಬೇರುಸಹಿತ ಕೀಳಿರಿ. ತುರಿಕೆ ಬರುವುದರಿಂದ ಕೈಗವಸು ಅಗತ್ಯ. ಜೇಕನ್ನು ಕೆತ್ತಿದರೆ ಸಾಲದು, ಗಡ್ಡೆಯನ್ನೇ ಅಗೆದು ತೆಗೆಯಬೇಕು. ಅಂಚುಗಳಿಗೆ ಸೋಗೆಯನ್ನು ದಪ್ಪಗೆ ಹೊದಿಸಿ. ಸಿಮೆಂಟು ಕಣದ ಬಿರುಕುಗಳನ್ನು ಗಾರೆಯಿಂದ ಮುಚ್ಚಿ. ಅರೆಕೊಳೆತ ಗೊಬ್ಬರವನ್ನು ಅಂಗಳದಲ್ಲಿ ರಾಶಿ ಹಾಕಬೇಡಿ; ಕಳೆಬೀಜ ಅದರೊಡನೆಯೇ ಬರುತ್ತದೆ.

ಶ್ರಾವಣದಲ್ಲಿ ಮಾಡುವ ಅರ್ಧ ದಿನದ ಈ ಕೆಲಸ, ಕೊಯ್ಲಿನ ಕಾಲಕ್ಕೆ ಆಳುಗಳನ್ನು ಉಳಿಸಿಕೊಡುತ್ತದೆ.