ಇಳಿವಯಸ್ಸಿನ ಶ್ರವಣದೋಷ ಮತ್ತು ಶ್ರವಣಸಾಧನ

ವಯಸ್ಸಾದಂತೆ ಒಳಕಿವಿಯ ಕಾಕ್ಲಿಯದಲ್ಲಿನ ರೋಮಕೋಶಗಳು ನಶಿಸುತ್ತವೆ. ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಮೊದಲು ಕ್ಷೀಣಿಸುವುದು ಉಚ್ಚ ಆವರ್ತನದ ಧ್ವನಿಗಳ ಗ್ರಹಿಕೆ. ಸಕಾರ, ಶಕಾರಗಳಂತಹ ವ್ಯಂಜನಗಳು ಮಸುಕಾಗುವುದರಿಂದ, ಮಾತು ಕೇಳಿಸಿದರೂ ತಿಳಿಯುವುದಿಲ್ಲವೆಂದು ಹಿರಿಯರು ದೂರುತ್ತಾರೆ. ಕ್ರಮೇಣ ಸಂಭಾಷಣೆಯಿಂದಲೇ ಹಿಂದೆ ಸರಿಯುತ್ತಾರೆ.

ಶ್ರವಣಸಾಧನವು ಈ ಕೋಶಗಳನ್ನು ಮರಳಿ ನೀಡದು. ಕುಂದಿದ ಆವರ್ತನಗಳನ್ನು ಆಯ್ದು ವರ್ಧಿಸಿ, ಉಳಿದಿರುವ ಶ್ರವಣಶಕ್ತಿಯನ್ನು ಬಳಕೆಗೆ ತರುತ್ತದೆ. ಅದು ಬೌದ್ಧಿಕ ಕ್ಷೀಣತೆಯನ್ನೂ ತಡೆಯಬಲ್ಲುದೇ? ಅಮೆರಿಕದಲ್ಲಿ 70ರಿಂದ 84 ವರ್ಷ ವಯಸ್ಸಿನ 977 ಮಂದಿಯನ್ನು 3 ವರ್ಷ ಪರಿಶೀಲಿಸಿದ 'ಅಚೀವ್' ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆರೋಗ್ಯ ಶಿಕ್ಷಣವನ್ನಷ್ಟೇ ಪಡೆದವರಿಗೆ ಹೋಲಿಸಿದಾಗ, ಒಟ್ಟು ಸಮೂಹದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯಕಾರಿ ಅಂಶಗಳು ಹೆಚ್ಚಾಗಿದ್ದ ಉಪಸಮೂಹದಲ್ಲಿ ಕ್ಷೀಣತೆಯು ಶೇ. 48ರಷ್ಟು ನಿಧಾನಗೊಂಡಿತ್ತು.

ಆದ್ದರಿಂದ ಸಾಧನವನ್ನು ಮರೆವಿಗೆ ಮದ್ದೆಂದು ಸಾರುವುದು ಅವಸರದ ಮಾತಾದೀತು. ಸಂವಾದವನ್ನು ಸುಗಮಗೊಳಿಸುವುದೇ ಅದರ ನಿಶ್ಚಿತ ಪ್ರಯೋಜನ. ಬಹುಕಾಲ ನಿಶ್ಶಬ್ದಕ್ಕೆ ಒಗ್ಗಿದ ಮೆದುಳು ಧ್ವನಿಗೆ ಮತ್ತೆ ಹೊಂದಿಕೊಳ್ಳಲು ವಾರಗಳೇ ಬೇಕು. ಆ ಅವಧಿಯಲ್ಲಿ ಮಾರ್ಗದರ್ಶನ ದೊರೆಯದಿದ್ದರೆ ಸಾಧನವು ಪೆಟ್ಟಿಗೆ ಸೇರುತ್ತದೆ, ಹಿರಿಯರು ಮೌನಕ್ಕೆ ಮರಳುತ್ತಾರೆ.