ಆಕಾಶ ಒಬ್ಬರದು, ನೆಲ ಇನ್ನೊಬ್ಬರದು

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಮರ, ಬಂಡೆ, ನೀರು, ಪ್ರಾಣಿಗಳೆಲ್ಲ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸುಪರ್ದಿಯಲ್ಲಿವೆ. ಮೇಲಿನ ಆಕಾಶ ಮಾತ್ರ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಕೈಯಲ್ಲಿದೆ. ಹವ್ಯಾಸಿ ಡ್ರೋನ್‌ಗಳ ಮೇಲಿನ ನಿಷೇಧ ಈಗಿನ ರೂಪಕ್ಕೆ ಬಂದದ್ದು ಈ ಪಾಲುಪಟ್ಟಿಯಿಂದಲೇ.

ಸದ್ದಿನ ತಕರಾರು ಡ್ರೋನ್‌ಗಿಂತ ಹಳೆಯದು. 1986ರ ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಪ್ರವಾಸಿ ವಿಮಾನವೊಂದು ಹೆಲಿಕಾಪ್ಟರ್‌ಗೆ ಡಿಕ್ಕಿ ಹೊಡೆದು 25 ಮಂದಿ ಸತ್ತರು. ಮರುವರ್ಷ ಬಂದ ಕಾಯ್ದೆ ಸುರಕ್ಷತೆಯಷ್ಟಕ್ಕೇ ನಿಲ್ಲದೆ, ಕಣಿವೆಗೆ ಅದರ ಸಹಜ ನಿಶ್ಶಬ್ದವನ್ನು ಮರಳಿಸಬೇಕೆಂದೂ ಹೇಳಿತು. ನಿಶ್ಶಬ್ದವನ್ನೂ ಕಾಪಾಡಬೇಕಾದ ಸಂಪತ್ತೆಂದು ಒಂದು ಕಾಯ್ದೆ ಒಪ್ಪಿದ್ದು ಸಣ್ಣ ಮಾತಲ್ಲ.

ಆಮೇಲೆ ಕ್ಯಾಮೆರಾ ಡ್ರೋನ್‌ಗಳು ಅಂಗಡಿಗೆ ಬಂದವು. 2013ರ ಸೆಪ್ಟೆಂಬರ್‌ನಲ್ಲಿ ಮೌಂಟ್ ರಶ್‌ಮೋರ್‌ನ ಬಯಲು ರಂಗಮಂದಿರದಲ್ಲಿ ಕೂತವರ ತಲೆಯ ಮೇಲೆ ಒಂದು ಹಾರಿತು. 2014ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಸೂರ್ಯಾಸ್ತ ನೋಡಲು ಸೇರಿದ್ದವರೆದುರು ಇನ್ನೊಂದು ಗುಂಯ್‌ಗುಟ್ಟುತ್ತ ಸುಳಿದಾಡಿ ಕೊನೆಗೆ ಕಣಿವೆಗೇ ಬಿತ್ತು. ಅದೇ ತಿಂಗಳು ಝಯಾನ್ ಉದ್ಯಾನದಲ್ಲಿ ದೊಡ್ಡ ಕೊಂಬಿನ ಕಾಡುಕುರಿಗಳ ಹಿಂಡು ಡ್ರೋನ್‌ಗೆ ಬೆದರಿ ಚೆದುರಿತು. ಮರಿಗಳು ದೊಡ್ಡವುಗಳಿಂದ ಬೇರೆಯಾದವು.

ಜೂನ್‌ನಲ್ಲಿ ಪಾರ್ಕ್ ಸರ್ವಿಸ್‌ನ ನಿರ್ದೇಶಕ ಜೊನಾಥನ್ ಜಾರ್ವಿಸ್ 14-05 ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಉದ್ಯಾನದ ನೆಲ, ನೀರಿನಿಂದ ಡ್ರೋನ್ ಏರಿಸುವುದು, ಅಲ್ಲಿ ಇಳಿಸುವುದು, ಅಲ್ಲಿ ನಿಂತು ನಡೆಸುವುದು ಮೂರನ್ನೂ ನಿಷೇಧಿಸುವಂತೆ ಪ್ರತಿ ಉದ್ಯಾನಕ್ಕೂ ಸೂಚನೆ ಹೋಯಿತು. ಆಕಾಶದ ಮೇಲೆ ಅಧಿಕಾರವಿಲ್ಲದವರು ಹಾರಿಸುವವನ ಕಾಲಡಿಯ ನೆಲವನ್ನು ಹಿಡಿದರು. ತಪ್ಪಿದರೆ 6 ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ.

ಆಗಸ್ಟ್‌ನಲ್ಲೇ ಯೆಲ್ಲೋಸ್ಟೋನ್‌ನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರಿನ ಬುಗ್ಗೆಗೆ ಡಚ್ ಪ್ರವಾಸಿಯೊಬ್ಬರ ಡ್ರೋನ್ ಬಿತ್ತು. ಈ ಬುಗ್ಗೆ ಸುಮಾರು 110 ಮೀಟರ್ ಅಗಲ, 37 ಮೀಟರ್ ಆಳ. ನೀರಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಡುವೆ ಕಡುನೀಲಿ, ಸುತ್ತ ಹಸಿರು, ಹಳದಿ, ಕಿತ್ತಳೆ ಪಟ್ಟೆಗಳು. ಅಂಚಿನ ಆ ಬಣ್ಣಗಳೆಲ್ಲ ಶಾಖಕ್ಕೆ ಒಗ್ಗಿದ ಸೂಕ್ಷ್ಮಜೀವಿಗಳು. ಒಂದು ಬೂಟಿನ ಹೆಜ್ಜೆಗೂ ಆ ತೆಳು ಪದರ ಕಿತ್ತುಹೋಗುತ್ತದೆ. ಹಾಗಾಗಿ ಮುಳುಗಿದ ಯಂತ್ರವನ್ನು ಎತ್ತಲು ಹೋಗುವುದೇ ಇನ್ನೊಂದು ಹಾನಿ. ಆ ಪ್ರವಾಸಿ ದಂಡ, ಪರಿಹಾರ ಸೇರಿ 3,000 ಡಾಲರ್‌ಗೂ ಹೆಚ್ಚು ತೆರಬೇಕಾಯಿತು.

ಸಂಶೋಧನೆ, ರಕ್ಷಣಾ ಕೆಲಸಗಳಿಗೆ ಅನುಮತಿಯುಂಟು. ಗ್ರ್ಯಾಂಡ್ ಕ್ಯಾನ್ಯನ್‌ನ ರೇಂಜರ್‌ಗಳೇ ಕಾಣೆಯಾದವರನ್ನು ಹುಡುಕಲು ಡ್ರೋನ್ ಬಳಸಿದ್ದಾರೆ.

ಉದ್ಯಾನದ ಗಡಿ ದಾಟಿದರೆ ಎಫ್‌ಎಎ ನಿಯಮಗಳು: 400 ಅಡಿಗಿಂತ ಮೇಲೇರಬಾರದು, ಡ್ರೋನ್ ಕಣ್ಣಿಗೆ ಕಾಣುತ್ತಲೇ ಇರಬೇಕು, ತೂಕ 250 ಗ್ರಾಂ ಮುಟ್ಟಿದರೆ ನೋಂದಣಿ ಬೇಕು. ಅದಕ್ಕಿಂತ ಹಗುರವಾದ ಡ್ರೋನ್‌ಗೂ ಉದ್ಯಾನದೊಳಗೆ ವಿನಾಯಿತಿಯಿಲ್ಲ. ಆದರೆ ಗಡಿಯಾಚೆಯ ಜಾಗದಲ್ಲಿ ನಿಂತು ಒಳಗೆ ಹಾರಿಸುವವನಿಗೆ 2014ರ ಆದೇಶ ನೇರವಾಗಿ ತಟ್ಟುವುದಿಲ್ಲ. ಅವನು ಪ್ರಾಣಿಗಳನ್ನು ಬೆದರಿಸಿದರೆ ವನ್ಯಜೀವಿ ನಿಯಮದಡಿ ಹಿಡಿಯಬಹುದು. ಬರೀ ಸದ್ದು ಮಾಡಿ ಹೋದರೆ ರೇಂಜರ್‌ಗಳ ಕೈ ಕಟ್ಟಿದಂತೆಯೇ. ಈ ಸಂದನ್ನು ಮುಚ್ಚುವ ಅಧಿಕಾರವಿರುವುದು ಆಕಾಶದ ಯಜಮಾನಿಕೆ ಇರುವವರಿಗೆ.